ತೊಂಬತ್ತೊಂದು ಪರ್ಸೆಂಟ್

ತಕ್ಕಡಿ ಸಾಹೇಬರ ಫೋನು ಮೊದಲ ಸಲ ಸತ್ತದ್ದು ಒಂದು ಸೋಮವಾರ, ಹನ್ನೆರಡೂಕಾಲಕ್ಕೆ. ಮಂಗಳವಾರ ಹನ್ನೊಂದು ಐವತ್ತಕ್ಕೆ ಸತ್ತಿತು. ಬುಧವಾರ ಹನ್ನೊಂದೂವರೆಯನ್ನೂ ಕಾಣಲಿಲ್ಲ. ಇಷ್ಟು ನಿಖರವಾಗಿ ಹೇಳಲು ಸಾಧ್ಯವಾಗಿರುವುದು ಅವರು ಬರೆದಿಟ್ಟುಕೊಂಡಿದ್ದರಿಂದ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತಿದವರಿಗೆ, ಅಂಕಿಯಿಲ್ಲದೆ ನಡೆದ ಸಂಗತಿ ನಡೆದ ಹಾಗೆಯೇ ಅನಿಸುವುದಿಲ್ಲ.

ಬೇರೆ ತಿಂಗಳಾಗಿದ್ದರೆ ಫೋನು ಸತ್ತಿತೆಂದು ಯಾರೂ ಅಳುತ್ತಿರಲಿಲ್ಲ. ಆದರೆ ಆ ತಿಂಗಳು ಮನೆಯಲ್ಲಿ ತುಂಬು ಗರ್ಭಿಣಿ ನಾದಿನಿ ಇದ್ದಳು. ಅವಳ ಗಂಡ ಸರಕು ಹಡಗೊಂದರಲ್ಲಿ ಅಡುಗೆಯವನು. ಯಾವ ಸಮುದ್ರದಲ್ಲಿದ್ದಾನೆಂದು ಒಮ್ಮೊಮ್ಮೆ ಅವನಿಗೇ ತಿಳಿಯುತ್ತಿರಲಿಲ್ಲ. ಸಾಹೇಬರ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಬೆಳಗ್ಗೆ ಒಂಬತ್ತಕ್ಕೆ ಟೀಚರುಗಳ ಫೋನೆಲ್ಲ ಮುಖ್ಯೋಪಾಧ್ಯಾಯಿನಿಯ ಡ್ರಾಯರು ಸೇರಿದರೆ ಹೊರಬರುವುದು ನಾಲ್ಕಕ್ಕೆ. ಹೀಗಾಗಿ ಹಗಲಿನ ಜವಾಬ್ದಾರಿ ಸಾಹೇಬರ ಪಾಲಿಗೆ ಬಂದಿತ್ತು. ನೋವು ಶುರುವಾದ ಕೂಡಲೇ ನಾದಿನಿ ಫೋನ್ ಮಾಡಬೇಕು, ಸಾಹೇಬರು ಆಫೀಸಿನ ಜೀಪಿನಲ್ಲಿ ಬಂದು ಆಸ್ಪತ್ರೆಗೆ ಸೇರಿಸಬೇಕು. ಜೀಪಿಗೆ ಸೂಪರಿಂಟೆಂಡೆಂಟರ ಒಪ್ಪಿಗೆಯನ್ನು ಅವರು ಬರಹದಲ್ಲೇ ಪಡೆದಿದ್ದರು.

"ಫೋನ್ ಎತ್ತುತ್ತೀರಿ ತಾನೆ?" ಎಂದು ಹೆಂಡತಿ ಕೇಳಿದ್ದಳು.

"ಎತ್ತೋದೇನು ಬಂತು. ನನ್ನ ಫೋನು ಇಪ್ಪತ್ನಾಲ್ಕು ಗಂಟೆ ಜೀವಂತ ಇರುತ್ತೆ. ಬೇಕಿದ್ರೆ ಬರೆದುಕೊಡ್ತೀನಿ."

ಅವಳು ಬರೆಸಿಕೊಳ್ಳಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಮಾಡಿದ ತಪ್ಪು ಅದೊಂದೇ.

ಫೋನು ಮಧ್ಯಾಹ್ನದೊಳಗೆ ಕಣ್ಣು ಮುಚ್ಚುತ್ತಿದೆ ಎಂಬುದನ್ನು ಸಾಹೇಬರು ಮನೆಯಲ್ಲಿ ಹೇಳಲಿಲ್ಲ. ದಿನವಿಡೀ ಮಾರುಕಟ್ಟೆ ಸುತ್ತುವ ಕೆಲಸ, ಚಾರ್ಜರು ಸಿಕ್ಕಿಸುವುದೆಲ್ಲಿ? ಅಕ್ಕಿ ಅಂಗಡಿಯವನು, "ಇಲ್ಲೇ ಹಾಕಿ ಸಾಹೇಬ್ರೆ, ಕರೆಂಟೇನು ನಮ್ಮಪ್ಪಂದಾ?" ಎಂದು ಪ್ಲಗ್ಗು ತೋರಿಸಿದ್ದ. ತಕ್ಕಡಿ ಪರೀಕ್ಷಿಸಬೇಕಾದ ಅಂಗಡಿಯಿಂದ ಕರೆಂಟು ತೆಗೆದುಕೊಳ್ಳುವುದು ಲಂಚವೋ ಅಲ್ಲವೋ ಎಂದು ಸಾಹೇಬರು ಅಲ್ಲೇ ನಿಂತು ಯೋಚಿಸಿದರು. ತೀರ್ಮಾನಕ್ಕೆ ಬರುವಷ್ಟರಲ್ಲಿ ಫೋನು ಆರಿತು.

ಬುಧವಾರ ಸಂಜೆ ಮನೆಗೆ ಬಂದು, ಚಾರ್ಜಿಗೆ ಹಾಕಿ, ಕನ್ನಡಕ ಒರೆಸಿಕೊಂಡು ಸೆಟ್ಟಿಂಗ್ಸ್ ತೆರೆದರು. ಬ್ಯಾಟರಿಯನ್ನು ಯಾವುದು ಎಷ್ಟು ತಿಂದಿದೆ ಎಂಬ ಪಟ್ಟಿ ಅಲ್ಲಿತ್ತು. ಮೊದಲ ಸಾಲಿನಲ್ಲೇ ವೈಫೈ, ನಲವತ್ತೊಂದು ಪರ್ಸೆಂಟ್.

ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದ ನಾದಿನಿಗೆ ಅದನ್ನು ತೋರಿಸಿದರು. "ನೋಡು. ನಲವತ್ತೊಂದು. ವೈಫೈ ಮೂಲಕ ಹೋಗಿದೆ."

"ಎಲ್ಲಿಗೆ ಭಾವ?"

"ಅದೇ ಪ್ರಶ್ನೆ. ಮಾಲು ಕಡಿಮೆಯಾಗಿದೆ ಅಂದ್ರೆ ಯಾರೋ ತಗೊಂಡಿದಾರೆ."

"ವೈಫೈ ನಮ್ಮ ಕಡೆ ಬರೋದಲ್ವಾ? ಹೋಗೋದು ಹೇಗೆ?"

"ಬರೋ ದಾರಿ ಇದ್ಮೇಲೆ ಹೋಗೋ ದಾರಿನೂ ಅದೇ. ಗೋಡೌನಿಗೆ ಎರಡು ಬಾಗಿಲು ಇಡ್ತಾರಾ?"

ಹೊಟ್ಟೆಯೊಳಗಿನ ಕೂಸು ಒದ್ದಿತು, ನಾದಿನಿ ಹೊಟ್ಟೆ ಸವರಿಕೊಳ್ಳುತ್ತ "ಹೂಂ" ಎಂದಳು. ಸಾಹೇಬರು ಅದನ್ನು ಒಪ್ಪಿಗೆಯೆಂದು ತಿಳಿದು ಮುಂದಿನ ಹಂತಕ್ಕೆ ಹೋದರು. ಸುತ್ತಮುತ್ತಲಿನ ವೈಫೈಗಳ ಪಟ್ಟಿ ತೆರೆದಾಗ ಅವರ ಮನೆಯ ಹೆಸರಿನ ಮುಂದೆ ಒಂದೇ ಒಂದು ಗೆರೆ, ಅದೂ ಮಿಣುಕುತ್ತಿತ್ತು. ಅದರ ಮೇಲಿನ ಸಾಲಿನಲ್ಲಿ "ಡ್ರೈವಿಂಗ್ ಸ್ಕೂಲ್ 2" ಎಂದಿದ್ದು, ಅದರ ಮುಂದೆ ನಾಲ್ಕು ಗೆರೆ ಗಟ್ಟಿಯಾಗಿ ನಿಂತಿದ್ದವು.

"ನಮ್ಮದು ಒಂದು, ಅವರದು ನಾಲ್ಕು," ಎಂದರು ಸಾಹೇಬರು ನಿಧಾನವಾಗಿ. "ನಮ್ಮ ಮೂರು ಗೆರೆ ಎಲ್ಲಿ ಹೋದವು ಅಂತ ಈಗ ಗೊತ್ತಾಯ್ತು."

ಮೇಲಿನ ಮನೆಯ ಡ್ರೈವಿಂಗ್ ಮೇಡಂ ಹದಿನೆಂಟು ವರ್ಷಗಳಿಂದ ಊರಿನ ಜನಕ್ಕೆ ಕಾರು ಕಲಿಸುತ್ತಿದ್ದವರು. ಎದುರಿಗಿರುವವರು ಏನು ಮಾಡಿದರೂ ಗಾಬರಿಯಾಗದಿರುವುದು ಅವರ ಕಸುಬಿನ ಮೊದಲ ಪಾಠ. ಸಾಹೇಬರು ಬಾಗಿಲಲ್ಲಿ ನಿಂತು ವಿಷಯ ಮಂಡಿಸಿದಾಗಲೂ ಅವರು ಕೈಯಲ್ಲಿದ್ದ ಬಟ್ಟೆ ಮಡಿಸುತ್ತಲೇ ಇದ್ದರು.

"ಅಂದ್ರೆ ನಿಮ್ಮ ಫೋನಿನ ಚಾರ್ಜು ನಾನು ತಗೋತಿದೀನಿ ಅಂತ."

"ನೀವೇ ಅಂತ ನಾನು ಹೇಳ್ತಿಲ್ಲ. ಗೊತ್ತಿಲ್ದೇನೂ ಆಗಿರಬಹುದು. ಎಷ್ಟೋ ಅಂಗಡಿಯವರಿಗೆ ತಮ್ಮ ತಕ್ಕಡಿ ಕಳ್ಳ ತಕ್ಕಡಿ ಅಂತ ಗೊತ್ತೇ ಇರಲ್ಲ."

"ಸಾಹೇಬ್ರೆ, ನನ್ನ ಹತ್ರ ಎರಡು ಕಾರಿದೆ. ಎರಡು ಕಾರಲ್ಲೂ ಬ್ಯಾಟರಿ ಇದೆ. ನಿಮ್ಮ ಅಂಗೈಯಗಲದ ಫೋನಿಂದ ಕದಿಯೋ ಗತಿ ನನಗೆ ಬಂದಿಲ್ಲ."

"ಒಂದು ಗಂಟೆ ನಿಮ್ಮ ವೈಫೈ ಆರಿಸಿದ್ರೆ ಸತ್ಯ ಗೊತ್ತಾಗುತ್ತೆ."

"ರಿವರ್ಸ್ ತಗೊಳ್ಳಿ," ಎಂದರು ಮೇಡಂ. "ಹಿಂದೆ ಮೆಟ್ಟಿಲಿದೆ, ನೋಡ್ಕೊಂಡು."

ಬಾಗಿಲು ಮುಚ್ಚಿತು. ಆದರೆ ವಿಷಯ ಮುಚ್ಚಿಕೊಳ್ಳಲಿಲ್ಲ. ಮೇಡಂ ಈ ಅವಮಾನವನ್ನು ಎದುರುಮನೆಯ ದರ್ಜಿಯ ಹೆಂಡತಿಗೆ ಹೇಳಿದರು, ನಗುವ ಸಲುವಾಗಿ. ದರ್ಜಿಯ ಹೆಂಡತಿ ನಕ್ಕು, ಒಳಗೆ ಹೋಗಿ ತನ್ನ ಫೋನು ತೆರೆದು ನೋಡಿದಳು. ಅಲ್ಲೂ ಪಟ್ಟಿಯಲ್ಲಿ ವೈಫೈ ಇತ್ತು, ಹನ್ನೆರಡು ಪರ್ಸೆಂಟ್. ನಗು ನಿಂತಿತು. ಮರುದಿನ ಬೆಳಗಿನ ಹೊತ್ತಿಗೆ ಕಟ್ಟಡದಲ್ಲಿ ಫೋನಿದ್ದ ಮನೆಯವರೆಲ್ಲ ತಮ್ಮ ತಮ್ಮ ಪಟ್ಟಿ ನೋಡಿಕೊಂಡಿದ್ದರು. ಎಲ್ಲರದರಲ್ಲೂ ವೈಫೈ ಇತ್ತು, ಎಲ್ಲರಿಗೂ ಏನೋ ಹೋಗಿತ್ತು, ಯಾರಿಗೂ ಬಂದಿರಲಿಲ್ಲ. ದರ್ಜಿ ಸಾಹೇಬರ ಮುಖ ನೋಡದೆ ಮೆಟ್ಟಿಲಿಳಿದ. ಮೂರನೇ ಮಹಡಿಯ ಅಜ್ಜಿ, ತಮ್ಮ ಮೊಣಕಾಲಿನ ಶಕ್ತಿಯೂ ಹೀಗೇ ಹೋಗುತ್ತಿರಬಹುದೇ ಎಂದು ವಿಚಾರಿಸಿದರು.

ಶನಿವಾರ ಸಂಜೆ ಮೆಟ್ಟಿಲ ಬುಡದಲ್ಲಿ ಸಭೆ ಸೇರಿತು. ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ತರರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಕಾಗದ ಬರೆಯಲು ಬರುವ ಮನುಷ್ಯನಿಗೆ ಫೋನು ಯಾಕೆ ಎಂಬ ಹಠದಿಂದ ಅವರು ಫೋನನ್ನೇ ಇಟ್ಟುಕೊಂಡಿರಲಿಲ್ಲ. ಹಾಗಾಗಿ ಕಟ್ಟಡದಲ್ಲಿ ನಿಷ್ಪಕ್ಷಪಾತಿ ಎಂದು ಉಳಿದವರು ಅವರೊಬ್ಬರೇ.

"ಭಾನುವಾರ ಹತ್ತರಿಂದ ಹನ್ನೊಂದರವರೆಗೆ ಎಲ್ಲರೂ ವೈಫೈ ಆರಿಸತಕ್ಕದ್ದು," ಎಂದು ಅವರು ಆಜ್ಞೆ ಮಾಡಿದರು. "ಸಾಹೇಬರದು ಮಾತ್ರ ಇರಲಿ. ಆಗ್ಲೂ ಚಾರ್ಜು ಇಳಿದ್ರೆ ಕಳ್ಳ ಹೊರಗಿನವನು."

ಭಾನುವಾರ ಒಂದು ಗಂಟೆ ಆ ಕಟ್ಟಡದಲ್ಲಿ ಹಿಂದೆಂದೂ ಇಲ್ಲದ ನಿಶ್ಶಬ್ದ. ಸಾಹೇಬರು ಫೋನನ್ನು ಮೇಜಿನ ಮೇಲಿಟ್ಟು ಹತ್ತು ನಿಮಿಷಕ್ಕೊಮ್ಮೆ ಅಂಕಿ ಕೂಗುತ್ತಿದ್ದರು, ಬಾಗಿಲ ಬಳಿ ಕುಳಿತ ಪೋಸ್ಟ್‌ಮಾಸ್ತರರು ಅದನ್ನು ಮೆಟ್ಟಿಲಿಗೆ ಕೂಗುತ್ತಿದ್ದರು. ತೊಂಬತ್ತೆಂಟು. ತೊಂಬತ್ತೈದು. ತೊಂಬತ್ತೆರಡು. ಹನ್ನೊಂದಕ್ಕೆ ಎಂಬತ್ತೊಂದಾಗಿ ಫೋನು ಬಿಸಿ ತಟ್ಟೆಯಂತಾಗಿತ್ತು.

"ಹಾಗಾದ್ರೆ ನಾವಲ್ಲ," ಎಂದರು ಮೇಲಿನಿಂದ ಡ್ರೈವಿಂಗ್ ಮೇಡಂ.

"ನೀವಲ್ಲ," ಎಂದು ಸಾಹೇಬರು ಒಪ್ಪಿದರು. ಕ್ಷಮಿಸಿ ಎನ್ನಲಿಲ್ಲ. ಇಲಾಖೆಯಲ್ಲಿ ತಕ್ಕಡಿ ಸರಿಯಿದ್ದರೆ ಮುದ್ರೆ ಒತ್ತುವ ಪದ್ಧತಿಯಿದೆ. ಅನುಮಾನಿಸಿದ್ದಕ್ಕೆ ಕ್ಷಮೆ ಕೇಳುವ ಪದ್ಧತಿಯಿಲ್ಲ.

ಹೊರಗಿನ ಕಳ್ಳನೆಂದರೆ ಇಂಟರ್ನೆಟ್ ತಂತಿ ಹೊತ್ತ ಕಂಬದ ಮೇಲಿನವನೇ ಎಂದು ಲೆಕ್ಕ ಹಾಕಿ ಇಂಟರ್ನೆಟ್ ಕಂಪನಿಗೆ ದೂರು ಕೊಟ್ಟರು. ಸೋಮವಾರ ಸಂಜೆ ಲೈನ್‌ಮನ್ ಬಂದ. ನರೆತ ಮೀಸೆಯ, ಹೆಗಲಿಗೆ ಏಣಿ ಹೊತ್ತ, ಎಲ್ಲವನ್ನೂ ಒಮ್ಮೆ ಕಂಡು ಮುಗಿಸಿದಂತಿದ್ದ ಮನುಷ್ಯ. ಅವನ ಹಿಂದೆ ಇಡೀ ಕಟ್ಟಡವೇ ಸಾಹೇಬರ ಹಜಾರಕ್ಕೆ ಬಂತು. ಅವನು ಸಾಹೇಬರ ಮಾತನ್ನು ಪೂರ್ತಿ ಕೇಳಿದ. ಆಮೇಲೆ ಗೋಡೆ ನೋಡಿದ, ಟೀವಿಯ ಹಿಂದೆ ನೋಡಿದ, ಕಿಟಕಿಯ ಕಟ್ಟೆ ನೋಡಿದ.

"ರೂಟರ್ ಎಲ್ಲಿ?"

ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು.

"ವೈಫೈ ಡಬ್ಬಿ ಸಾರ್. ಎರಡು ಕೊಂಬಿರೋದು. ನಾವೇ ಗೋಡೆಗೆ ಹಾಕಿಕೊಟ್ಟಿದ್ದು."

"ಅದು ಭದ್ರವಾಗಿದೆ."

"ಎಲ್ಲಿ ಭದ್ರವಾಗಿದೆ?"

"ಬೀರುವಿನಲ್ಲಿ," ಎಂದಳು ನಾದಿನಿ ಕುರ್ಚಿಯಿಂದ. "ಎಂಟು ದಿನ ಆಯ್ತು. ಪಕ್ಕದ ಮನೆಯವರು ನಮ್ಮ ವೈಫೈ ಬಳಸ್ತಾರೆ ಅಂತ ಭಾವ ಒಳಗಿಟ್ಟು ಬೀಗ ಹಾಕಿದ್ರು. ಹಿಂದೆ ತೂತು ಕೊರೆಸಿ ವೈರು ಎಳೆದಿದಾರೆ."

ಲೈನ್‌ಮನ್ ಏಣಿಯನ್ನು ಕೆಳಗಿಟ್ಟ. ಮಲಗುವ ಕೋಣೆಯ ಉಕ್ಕಿನ ಬೀರು ತೆರೆಯಿತು. ಎರಡು ಕಂಬಳಿಗಳ ನಡುವೆ, ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ, ಹಸಿರು ದೀಪ ಮಿನುಗಿಸುತ್ತ ರೂಟರ್ ಮಲಗಿತ್ತು. ಹಜಾರದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಇಣುಕಿ ನೋಡಿದರು.

"ಸಾರ್," ಎಂದ ಲೈನ್‌ಮನ್, "ಕಬ್ಬಿಣದ ಪೆಟ್ಟಿಗೆ ಒಳಗೆ ಕೂತು ಯಾರೋ ಮಾತಾಡ್ತಿದಾರೆ ಅಂದ್ಕೊಳ್ಳಿ. ಹೊರಗಿರೋನಿಗೆ ಅರ್ಧ ಕೇಳುತ್ತೆ, ಅರ್ಧ ಕೇಳಲ್ಲ. ಏನಂದ್ರಿ, ಏನಂದ್ರಿ ಅಂತ ಇಡೀ ದಿನ ಕೂಗ್ತಾ ಇದ್ರೆ ಅವನ ಗಂಟಲು ಹೋಗಲ್ವಾ? ನಿಮ್ಮ ಫೋನು ಅದನ್ನೇ ಮಾಡ್ತಿರೋದು. ಅದರ ಚಾರ್ಜು ಯಾರೂ ತಗೊಂಡಿಲ್ಲ. ಕೂಗಿ ಕೂಗಿ ಅದೇ ಸುಸ್ತಾಗಿದೆ."

ರೂಟರ್ ಗೋಡೆಗೆ ಮರಳಿತು. ಸಾಹೇಬರ ಫೋನಿನಲ್ಲಿ ನಾಲ್ಕು ಗೆರೆ ಮೂಡಿದವು. ಹೊರಡುವ ಮುಂಚೆ ಲೈನ್‌ಮನ್ ಇನ್ನೊಂದು ಮಾತು ಹೇಳಿದ: "ಹೊರಗೆ ಹೋಗುವಾಗ ವೈಫೈ ಆರಿಸಿದ್ರೂ ಫೋನು ಒಳಗೊಳಗೇ ಹುಡುಕ್ತಿರುತ್ತೆ. ಲೊಕೇಶನ್ ಸೆಟ್ಟಿಂಗ್ಸ್ ಒಳಗೆ ವೈಫೈ ಸ್ಕ್ಯಾನಿಂಗ್ ಅಂತಿದೆ, ಅದನ್ನೂ ಆರಿಸಿ. ಅಷ್ಟು ಸಾಕು. ಬೇರೇನೂ ಮುಟ್ಟಬೇಡಿ."

ಮೇಡಂ ಎಲ್ಲರಿಗಿಂತ ಕೊನೆಗೆ ಹೊರಟರು. ಬಾಗಿಲಲ್ಲಿ ನಿಂತು ಸಾಹೇಬರನ್ನೇ ನೋಡಿದರು. ಸಾಹೇಬರು ನೆಲದ ಮೇಲೆ ಬಿದ್ದಿದ್ದ ಸ್ಕ್ರೂ ಒಂದನ್ನು ಬಹಳ ಹೊತ್ತು ಪರೀಕ್ಷಿಸಿದರು. ಕೊನೆಗೆ ಮೇಡಂ ಮೆಟ್ಟಿಲು ಹತ್ತಿದರು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಮಂಗಳವಾರ ಫೋನು ಸಂಜೆಯವರೆಗೂ ಬದುಕಿತು. ಆದರೆ ಮನೆಗೆ ಬಂದಾಗ ಐವತ್ತೆಂಟು ಪರ್ಸೆಂಟ್ ಇತ್ತು, ಮತ್ತು ಸಾಹೇಬರಿಗೆ ಕಂಡದ್ದು ಉಳಿದ ಐವತ್ತೆಂಟಲ್ಲ, ಹೋದ ನಲವತ್ತೆರಡು. ಗ್ರಾಂ ವ್ಯತ್ಯಾಸಕ್ಕೆ ನೋಟಿಸು ಕೊಡುವವರು ತಮ್ಮ ಜೇಬಿನಲ್ಲಿ ಇಷ್ಟು ಸೋರಿಕೆ ಇಟ್ಟುಕೊಂಡು ಓಡಾಡುವುದು ಹೇಗೆ?

ಬುಧವಾರ ಬೆಳಗ್ಗೆ ಆಫೀಸಿನಲ್ಲಿ ಟೈಪಿಸ್ಟಳ ಮೇಜಿನ ಪಕ್ಕ ಕುಳಿತು ಒಂದೊಂದೇ ಗುಂಡಿ ಆರಿಸುತ್ತ ಹೋದರು. ಬ್ಲೂಟೂತ್ ಹೋಯಿತು. ಲೊಕೇಶನ್ ಹೋಯಿತು. ಪರದೆಯ ಬೆಳಕು ಎಷ್ಟು ಕುಗ್ಗಿತೆಂದರೆ ಫೋನು ನೋಡಲು ಮೇಜಿನ ಕೆಳಗೆ ತಲೆ ಹಾಕಬೇಕಾಯಿತು. ಕೊನೆಗೆ ಒಂದು ಗುಂಡಿ ಉಳಿಯಿತು, ಅದರ ಮೇಲೆ ಪುಟ್ಟ ವಿಮಾನದ ಚಿತ್ರ.

"ಇದೇನಮ್ಮ?"

"ವಿಮಾನದಲ್ಲಿ ಹೋಗೋರಿಗೆ ಸಾರ್," ಎಂದಳು ಟೈಪಿಸ್ಟ್, ಬೆರಳು ನಿಲ್ಲಿಸದೆ. ಅವಳಿಗೆ ಆ ದಿನ ಅರವತ್ತು ನೋಟಿಸು ಮುಗಿಸಬೇಕಿತ್ತು.

ತಾವು ಹುಟ್ಟಿದಾರಭ್ಯ ವಿಮಾನ ಹತ್ತಿಲ್ಲ, ಹತ್ತುವ ಅಂದಾಜೂ ಇಲ್ಲ. ಆದರೂ ಈ ಫೋನು ವಿಮಾನಕ್ಕಾಗಿ ತಮ್ಮ ಚಾರ್ಜು ಖರ್ಚು ಮಾಡುತ್ತಿದೆ. ಸಾಹೇಬರು ಗುಂಡಿ ಒತ್ತಿದರು. ಅದು ನೀಲಿಯಾಗಿ ಬೆಳಗಿತು. ಪರೀಕ್ಷೆಯಲ್ಲಿ ಪಾಸಾದ ತಕ್ಕಡಿಯಲ್ಲೂ ಹಾಗೇ ಒಂದು ದೀಪ ಬೆಳಗುತ್ತದೆ. ಅವರು ತೃಪ್ತಿಯಿಂದ ಎದ್ದು ಮಾರುಕಟ್ಟೆಗೆ ಹೊರಟರು.

ಹನ್ನೊಂದಕ್ಕೆ ತೊಂಬತ್ತಾರು. ಒಂದಕ್ಕೆ ತೊಂಬತ್ತನಾಲ್ಕು. ಊಟದ ಹೊತ್ತಿಗೆ ಆಫೀಸಿಗೆ ಬಂದು ಸೂಪರಿಂಟೆಂಡೆಂಟರಿಗೆ ತೋರಿಸಿದರು. ಅವರು ತಮ್ಮ ಮೂವತ್ತೊಂದು ಪರ್ಸೆಂಟಿನ ಫೋನು ಪಕ್ಕಕ್ಕಿಟ್ಟು ನೋಡಿದರು.

"ಒಂದು ಕಾಲೂ ಬಂದಿಲ್ವಾ ಬೆಳಗ್ಗೆಯಿಂದ?"

"ಒಂದೂ ಇಲ್ಲ ಸಾರ್. ಸಾಲ ಕೊಡ್ತೀವಿ ಅನ್ನೋರೂ ಫೋನ್ ಮಾಡಿಲ್ಲ."

"ಅದ್ಭುತ," ಎಂದರು ಸೂಪರಿಂಟೆಂಡೆಂಟ್. "ನನಗೂ ಮಾಡಿಕೊಡಿ."

ಸಾಹೇಬರು ಮಾಡಿಕೊಟ್ಟರು. ಜಿಲ್ಲಾ ಕಚೇರಿಯವರು ಸೂಪರಿಂಟೆಂಡೆಂಟರನ್ನು ಎರಡು ದಿನ ಹುಡುಕಿದರು. ಆದರೆ ಅದು ಬೇರೆ ಕಥೆ.

ನಾದಿನಿಗೆ ನೋವು ಶುರುವಾದದ್ದು ಹನ್ನೊಂದೂ ನಲವತ್ತಕ್ಕೆ. ಅವಳು ಭಾವನಿಗೆ ಹದಿನಾಲ್ಕು ಸಲ ಫೋನ್ ಮಾಡಿದಳು. ಹದಿನಾಲ್ಕು ಸಲವೂ ಒಬ್ಬ ಹೆಂಗಸು, ನೀವು ಕರೆ ಮಾಡಿದ ಚಂದಾದಾರರು ಸಿಗುತ್ತಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದಳು. ಹದಿನೈದನೇ ಸಲ ನಾದಿನಿ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲಿಗೆ ಬಂದು, ಸಿಕ್ಕಿದವರನ್ನು ಕೂಗಿದಳು.

ಸಿಕ್ಕಿದ್ದು ಡ್ರೈವಿಂಗ್ ಮೇಡಂ. ಅವರು ಕೆಳಗೆ ಕಾರಿನ ಬಳಿ ನಿಂತು ಪೋಸ್ಟ್‌ಮಾಸ್ತರರ ಮೂರನೇ ದಿನದ ಪಾಠ ಶುರುಮಾಡುವುದರಲ್ಲಿದ್ದರು. ಅರವತ್ತಮೂರರ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟ ಪೋಸ್ಟ್‌ಮಾಸ್ತರರು ಆಗಲೇ ಬೆಲ್ಟು ಬಿಗಿದು ಸ್ಟೀರಿಂಗ್ ಹಿಡಿದು ಕುಳಿತಿದ್ದರು. ಮೇಡಂ ಮೆಟ್ಟಿಲು ಹತ್ತಿ ನಾದಿನಿಯನ್ನು ತೋಳಿಗೆ ಆನಿಸಿಕೊಂಡು ಇಳಿಸಿದರು, ಹಿಂದಿನ ಸೀಟಿನಲ್ಲಿ ಕೂರಿಸಿದರು. ನಾದಿನಿ ಅವರ ಕೈ ಹಿಡಿದಳು, ಹಿಡಿದದ್ದನ್ನು ಬಿಡಲಿಲ್ಲ. ಮೇಡಂ ಮುಂದಕ್ಕೆ ಹೋಗಲು ಎರಡು ಸಲ ನೋಡಿ, ಆಗದೆ, ಹಿಂದೆಯೇ ಹತ್ತಿ ಬಾಗಿಲು ಹಾಕಿಕೊಂಡರು.

"ಪೋಸ್ಟ್‌ಮಾಸ್ಟ್ರೇ, ನೀವೇ ಓಡಿಸಿ."

"ನಾನಾ?"

"ಕ್ಲಚ್ ಒತ್ತಿ. ಒಂದನೇ ಗೇರು. ಇವತ್ತು ನನ್ನ ಕಾಲಡಿ ಬ್ರೇಕ್ ಇಲ್ಲ, ಇರೋದೆಲ್ಲ ನಿಮ್ಮ ಕಾಲಡಿ. ಗಾಬರಿಯಾಗಬೇಡಿ."

"ನನಗೆ ಎರಡನೇ ಗೇರಿನವರೆಗೆ ಮಾತ್ರ ಆಗಿದೆ."

"ಎರಡರಲ್ಲೇ ಹೋಗೋಣ."

ಆಸ್ಪತ್ರೆ ಮೂರು ಕಿಲೋಮೀಟರು. ಅಷ್ಟೂ ದೂರ ಎರಡನೇ ಗೇರಿನಲ್ಲಿ, ಕಲಿಯುವವರ ಕೆಂಪು ಫಲಕ ಹೊತ್ತು ಕಾರು ಹೋಯಿತು. ಹಿಂದಿನಿಂದ ಎರಡು ಧ್ವನಿ ಬರುತ್ತಿದ್ದವು. ಒಂದು ಅಮ್ಮಾ ಎನ್ನುತ್ತಿತ್ತು, ಇನ್ನೊಂದು ಎಡಕ್ಕೆ ಇಂಡಿಕೇಟರ್ ಹಾಕಿ ಎನ್ನುತ್ತಿತ್ತು. ಪೋಸ್ಟ್‌ಮಾಸ್ತರರು ಎರಡಕ್ಕೂ "ಆಯ್ತು, ಆಯ್ತು" ಎಂದರು. ನಲವತ್ತು ವರ್ಷದ ನೌಕರಿಯಲ್ಲಿ ಇಷ್ಟು ತುರ್ತಿನ ಟಪಾಲನ್ನು ತಾವು ಮುಟ್ಟಿಸಿರಲಿಲ್ಲ ಎಂದು ಅವರು ಆಮೇಲೆ ಹೇಳಿದರು. ದಾರಿಯಲ್ಲಿ ಒಂದು ಸೈಕಲ್ಲು ಅವರನ್ನು ದಾಟಿ ಹೋಯಿತು. ಆದರೆ ಕಾರು ಎಲ್ಲೂ ನಿಲ್ಲಲಿಲ್ಲ, ಯಾರಿಗೂ ತಾಗಲಿಲ್ಲ. ಎರಡು ಹತ್ತಕ್ಕೆ ಹೆಣ್ಣು ಕೂಸು ಹುಟ್ಟಿತು.

ನಾಲ್ಕೂವರೆಗೆ ಸಾಹೇಬರು ತೊಂಬತ್ತೊಂದು ಪರ್ಸೆಂಟ್ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರು. ಬಾಗಿಲು ಹಾರು ಹೊಡೆದಿತ್ತು, ಒಳಗೆ ಯಾರೂ ಇರಲಿಲ್ಲ. ಕೆಳಗೆ ಪೋಸ್ಟ್‌ಮಾಸ್ತರರ ಹೆಂಡತಿ ಹೊಸಿಲ ಮೇಲೆ ಕುಳಿತಿದ್ದರು.

"ಆಸ್ಪತ್ರೆಗೆ ಕರ್ಕೊಂಡು ಹೋಗಿದಾರೆ. ನಿಮಗೆ ಫೋನ್ ಮಾಡಿ ಮಾಡಿ ಸಾಕಾಯ್ತಂತೆ."

"ಬಂದಿಲ್ಲವಲ್ಲ. ಚಾರ್ಜು ತೊಂಬತ್ತೊಂದಿದೆ." ಅವರು ಫೋನು ತೆಗೆದು ತೋರಿಸಿದರು.

ಆಕೆ ಪರದೆ ನೋಡಿದರು. ಫೋನಿಲ್ಲದ ಮನೆಯವರಾದರೂ, ಅಕ್ಕನ ಮಗ ವಿದೇಶಕ್ಕೆ ಹೋದಾಗ ಒಂದು ವಿಷಯ ಕಲಿತಿದ್ದರು. "ಇದರಲ್ಲಿ ವಿಮಾನ ಹಾಕಿದೀರಲ್ಲ," ಎಂದರು. "ಹೀಗೆ ಹಾಕಿದ್ರೆ ಯಾರ ಫೋನೂ ಬರಲ್ಲ. ನೂರಿದ್ರೂ ಅಷ್ಟೇ."

ಸಾಹೇಬರು ಆಸ್ಪತ್ರೆಯವರೆಗೆ ನಡೆದೇ ಹೋದರೋ ಓಡಿದರೋ ಅವರಿಗೂ ನೆನಪಿಲ್ಲ. ಎರಡನೇ ಮಹಡಿಯ ಕೋಣೆಯಲ್ಲಿ ನಾದಿನಿ ದಿಂಬಿಗೆ ಒರಗಿದ್ದಳು, ಪಕ್ಕದಲ್ಲಿ ಬಟ್ಟೆ ಸುತ್ತಿದ ಕೂಸು. ಆಸ್ಪತ್ರೆಯವರು ಶಾಲೆಯ ಆಫೀಸಿಗೆ ಫೋನ್ ಮಾಡಿದ್ದರಿಂದ ಹೆಂಡತಿ ಡ್ರಾಯರಿನಲ್ಲಿದ್ದ ತನ್ನ ಫೋನನ್ನೂ ಮರೆತು ಓಡಿಬಂದಿದ್ದಳು. ಕಿಟಕಿಯ ಬಳಿ ಮೇಡಂ, ಮೂಲೆಯ ಸ್ಟೂಲಿನಲ್ಲಿ ಪೋಸ್ಟ್‌ಮಾಸ್ತರರು. ಅವರ ಕೈಗಳು ಇನ್ನೂ ಸ್ಟೀರಿಂಗ್ ಹಿಡಿದ ಆಕಾರದಲ್ಲೇ ಇದ್ದವು. ಹೆಂಡತಿ ಗಂಡನನ್ನು ಒಮ್ಮೆ ನೋಡಿ, ಕೂಸಿನ ಕಡೆ ತಿರುಗಿದಳು. ಅವಳು ಬೈಯುತ್ತಾಳೆಂದು ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಬಂದಿದ್ದ ಸಾಹೇಬರಿಗೆ ನಿಲ್ಲಲು ಜಾಗ ತೋಚಲಿಲ್ಲ.

"ಭಾವ," ಎಂದಳು ನಾದಿನಿಯೇ. "ಅವರಿಗೆ ತಿಳಿಸ್ಬೇಕು. ನನ್ನ ಫೋನು ಮನೇಲಿದೆ. ಮೇಡಂ ಫೋನು ನಿಮಗೆ ಮಾಡಿ ಮಾಡಿ ಚಾರ್ಜು ಮುಗೀತು. ನಿಮ್ಮದರಲ್ಲಿದೆಯಾ?"

"ಇದೆ," ಎಂದರು ಸಾಹೇಬರು ಸಣ್ಣ ಧ್ವನಿಯಲ್ಲಿ.

ಅವಳು ಫೋನು ತೆಗೆದುಕೊಂಡು ವಿಮಾನದ ಗುಂಡಿ ಒತ್ತಿದಳು. ನೀಲಿ ಆರಿತು. ಪುಂಖಾನುಪುಂಖವಾಗಿ ಹದಿನಾಲ್ಕು ತಪ್ಪಿದ ಕರೆಗಳ ಸಂದೇಶಗಳು ಟಿಂಗ್ ಟಿಂಗ್ ಎಂದು ಬಂದವು, ಆಮೇಲೆ ಮೇಡಂದು ಇಪ್ಪತ್ತೆರಡು. ಕೋಣೆಯಲ್ಲಿದ್ದವರೆಲ್ಲ ಅದು ಮುಗಿಯುವವರೆಗೆ ಕಾದರು.

"ಆಸ್ಪತ್ರೆ ವೈಫೈ ಹಾಕ್ಕೊಳ್ಳಲಾ ಭಾವ? ಮುಖ ಕಾಣುತ್ತೆ."

"ಹಾಕ್ಕೋ."

ಹಡಗು ಆ ದಿನ ಯಾವುದೋ ಬಂದರಿನಲ್ಲಿತ್ತು. ಪರದೆಯ ಮೇಲೆ ಮೊದಲು ಒಂದು ದೊಡ್ಡ ಪಾತ್ರೆ, ಆಮೇಲೆ ಬೆವರಿದ ಮುಖ ಬಂತು. ಅವನು ಕೂಸನ್ನು ನೋಡಿದ. ಹಿಂದೆ ಏನೋ ಸೀದುಹೋಗುತ್ತಿದೆ ಎಂದು ಯಾರೋ ಕೂಗುತ್ತಿದ್ದರು, ಅವನು ತಿರುಗಲಿಲ್ಲ. ನಾದಿನಿ ಕೂಸಿನ ಬೆರಳು ಬಿಡಿಸಿ ತೋರಿಸಿದಳು, ಕಿವಿ ತೋರಿಸಿದಳು, ಅಂಗಾಲು ತೋರಿಸಿದಳು. ತೊಂಬತ್ತೊಂದು ಎಪ್ಪತ್ತಾಯಿತು, ನಲವತ್ತಾಯಿತು. ಸಾಹೇಬರು ಮಂಚದ ಕಾಲಿನ ಬಳಿ ನಿಂತು ಅಂಕಿಯನ್ನು ನೋಡುತ್ತಿದ್ದರು. ನರ್ಸ್ ಬಂದು ಹೋದಳು. ಇಪ್ಪತ್ತೂ ಆಯಿತು.

"ಭಾವ ಇದಾರಾ?" ಎಂದಿತು ಫೋನಿನೊಳಗಿನ ದನಿ. "ಅವರೇ ತಾನೆ ಜೀಪಲ್ಲಿ ಕರ್ಕೊಂಡು ಬಂದಿದ್ದು? ಫೋನ್ ಕೊಡು, ಒಂದು ಮಾತು ಹೇಳ್ತೀನಿ."

ನಾದಿನಿ ಫೋನನ್ನು ಚಾಚಿದಳು. ಸಾಹೇಬರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಾನಲ್ಲಪ್ಪ," ಎಂದರು. "ನಾನು ಬರಲಿಲ್ಲ. ನನ್ನ ಫೋನು ಆರಿತ್ತು. ಆರಿಸಿದ್ದೂ ನಾನೇ. ಕರ್ಕೊಂಡು ಬಂದಿದ್ದು ಮೇಲಿನ ಮನೆ ಮೇಡಂ. ಕಾರು ಓಡಿಸಿದ್ದು ಕೆಳಮನೆ ಪೋಸ್ಟ್‌ಮಾಸ್ಟ್ರು. ಹೋದ ವಾರ ಈ ಮೇಡಂನ ನಾನು ಕಳ್ಳಿ ಅಂದಿದ್ದೆ. ಅದೂ ತಪ್ಪು. ತಗೋ, ಅವರ ಹತ್ರನೇ ಮಾತಾಡು."

ಅವರು ಫೋನನ್ನು ಮೇಡಂ ಕೈಗೆ ಕೊಟ್ಟರು. ಮೇಡಂ ಒಂದು ಕ್ಷಣ ಸಾಹೇಬರನ್ನು ನೋಡಿ, ಪರದೆಗೆ ತಿರುಗಿ, ನಿಮ್ಮ ಹೆಂಡತಿ ಹಿಡಿದ ಕೈ ಇನ್ನೂ ನೋಯುತ್ತಿದೆ ಎಂದು ಶುರುಮಾಡಿದರು. ಎರಡನೇ ಗೇರಿನ ವಿಷಯ ಬಂದಾಗ ಪೋಸ್ಟ್‌ಮಾಸ್ತರರೂ ಎದ್ದು ಬಂದು, ಜೀವಮಾನದಲ್ಲಿ ಮೊದಲ ಸಲ ಫೋನಿನ ಮುಂದೆ ಮುಖ ಇಟ್ಟು, ಸೈಕಲ್ಲಿನ ಸಂಗತಿ ವಿವರಿಸಿದರು. ಹಡಗಿನವನು ನಕ್ಕ, ಅತ್ತ, ಮತ್ತೆ ನಕ್ಕ. ಆ ನಗುವಿನ ಮಧ್ಯದಲ್ಲೇ ಪರದೆ ಕಪ್ಪಾಯಿತು.

"ಮುಗೀತು, ಸಾಹೇಬ್ರೆ," ಎಂದು ಮೇಡಂ ಫೋನು ಹಿಂದಕ್ಕೆ ಕೊಟ್ಟರು.

"ಮುಗೀಲಿ ಬಿಡಿ."

ಆಗ ಹೆಂಡತಿ ಕೂಸಿನ ಮೇಲಿನ ಬಟ್ಟೆ ಸರಿಮಾಡುತ್ತ, ತಲೆಯೆತ್ತದೆ, ಆ ದಿನದ ತನ್ನ ಮೊದಲ ಮಾತನ್ನು ಗಂಡನಿಗೆ ಹೇಳಿದಳು. "ಕೆಳಗೆ ಕ್ಯಾಂಟೀನ್ ಇದೆ. ಐದು ಟೀ ತಗೊಂಡು ಬನ್ನಿ."

ಸಾಹೇಬರು ಹೊರಟರು. ಮೆಟ್ಟಿಲಿಳಿಯುತ್ತ ಲೆಕ್ಕ ಹಾಕಿದರು: ನಾದಿನಿಗೆ ಒಂದು, ಹೆಂಡತಿಗೆ ಒಂದು, ಮೇಡಂಗೆ, ಪೋಸ್ಟ್‌ಮಾಸ್ತರರಿಗೆ. ನಾಲ್ಕೇ ಆಯಿತು. ಮತ್ತೆ ಎಣಿಸಿದರು, ಮತ್ತೂ ನಾಲ್ಕೇ. ಐದನೆಯದು ಯಾರಿಗೆ ಎಂದು ಕೇಳಿಬರಲು ಎರಡು ಮೆಟ್ಟಿಲು ವಾಪಸು ಹತ್ತಿದವರು, ಅಲ್ಲೇ ನಿಂತರು. ಆಮೇಲೆ ಕಂಬಿ ಹಿಡಿದುಕೊಂಡು, ಮುಖ ಒರೆಸಿಕೊಂಡು, ಬೇಗ ಬೇಗ ಕ್ಯಾಂಟೀನಿಗೆ ಇಳಿದರು.